ಬಾಯಿಯ ಹುಣ್ಣಿಗೆ ಹೊಸ ಮದ್ದು, ಊರಿನ ಗುಮಾನಿಗೆ ಲೆಕ್ಕ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಒಂದು ಮನೆಗೆ ಕ್ಯಾನ್ಸರ್ ಕಾಲಿಟ್ಟರೆ, ನೋಡಲು ಬಂದವರ ಬಾಯಲ್ಲಿ ಎರಡು ಮಾತು ಬಂದೇ ಬರುತ್ತವೆ. ‘ನಮ್ಮ ನೀರಲ್ಲೇ ಏನೋ ಇದೆ ಕಣ್ರೀ, ಮುಂಚೆಲ್ಲ ಇಷ್ಟೊಂದು ಎಲ್ಲಿತ್ತು?’ ಅನ್ನುವುದು ಒಂದು. ‘ಈಗ ಅದೇನೋ ಹೊಸ ಟ್ರೀಟ್‌ಮೆಂಟ್ ಬಂದಿದೆಯಂತೆ, ರಕ್ತ ತೆಗೆದು ಸರಿಮಾಡಿ ವಾಪಸ್ ಬಿಡ್ತಾರಂತೆ, ವಿಚಾರಿಸಿದ್ರಾ?’ ಅನ್ನುವುದು ಇನ್ನೊಂದು. ಎರಡನ್ನೂ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಮೊದಲನೆಯದರಲ್ಲಿ ನ್ಯಾಯವಾದ ಅನುಮಾನವಿದೆ, ಎರಡನೆಯದರಲ್ಲಿ ನ್ಯಾಯವಾದ ಆಸೆಯಿದೆ. ಆದರೆ ಅನುಮಾನ ಅನುಮಾನವಾಗಿಯೇ, ಆಸೆ ಆಸೆಯಾಗಿಯೇ ಉಳಿದರೆ ರೋಗಿಗೆ ಮೂರು ಕಾಸಿನ ಉಪಯೋಗವಿಲ್ಲ. ಎರಡನ್ನೂ ಪರೀಕ್ಷೆಗೆ ಒಡ್ಡಬೇಕು. ಹಾಗೆ ಒಡ್ಡಿದ ಕಡೆ ಏನಾಗಿದೆ, ನಮ್ಮ ಜಿಲ್ಲೆಯಲ್ಲಿ ಯಾಕೆ ಆಗಿಲ್ಲ ಎಂಬುದನ್ನು ಇವತ್ತು ನೋಡೋಣ.

ಮೊದಲು ನೀರು. ಜನರ ಗುಮಾನಿ ಬರಿಯ ಕಲ್ಪನೆಯಲ್ಲ. ಪೂರ್ವ ಕರ್ನಾಟಕದ ಗ್ರಾನೈಟ್ ಬಂಡೆಗಳಲ್ಲಿ ಯುರೇನಿಯಂ ಸಹಜವಾಗಿಯೇ ಇದೆ. ತೆರೆದ ಬಾವಿಗಳು ಬತ್ತಿ, ಕೊಳವೆಬಾವಿ ಸಾವಿರ ಅಡಿಯತ್ತ ಇಳಿದ ಮೇಲೆ ನಾವು ಕುಡಿಯುತ್ತಿರುವುದು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿದ್ದ ತಂಡವೊಂದು ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿತು. ಲೀಟರಿಗೆ 30 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 57 ಹಳ್ಳಿಗಳ ನೀರು ಆ ಮಿತಿ ದಾಟಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ 60 ಮೈಕ್ರೋಗ್ರಾಂ ಮಿತಿಯನ್ನು ಹಿಡಿದರೂ 48 ಹಳ್ಳಿಗಳು ಹೊರಗೇ ಉಳಿದವು. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಮಾಣ ಸಾವಿರ ಮೈಕ್ರೋಗ್ರಾಂ ಮೀರಿತ್ತು.

ಈ ಸುದ್ದಿ ಬಂದಾಗ ಯುರೇನಿಯಂ ಅಂದರೆ ಅಣುಬಾಂಬು, ಅಣುಬಾಂಬು ಅಂದರೆ ಕ್ಯಾನ್ಸರ್ ಎಂದು ಜನ ನೇರವಾಗಿ ಲೆಕ್ಕ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆ ಆ ಮಿತಿ ಹಾಕಿರುವುದು ಬೇರೆ ಕಾರಣಕ್ಕೆ. ಕುಡಿಯುವ ನೀರಿನ ಯುರೇನಿಯಂ ಮೊದಲು ಕೆಡಿಸುವುದು ಕಿಡ್ನಿಯನ್ನು. ಅದು ಸೀಸದಂಥ ಒಂದು ಭಾರಲೋಹವಾಗಿ ಮಾಡುವ ಹಾನಿ. ವಿಕಿರಣದಿಂದ ಆಗುವ ಕ್ಯಾನ್ಸರ್‌ನ ಮಾತು ಅಲ್ಲಿ ಎರಡನೆಯದು. ಹಾಗೆಂದು ಆ ನೀರು ಕುಡಿಯಬಹುದು ಎಂದಲ್ಲ. ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಯಂತ್ರ ಕೆಟ್ಟುಹೋಗದೆ ಕೆಲಸ ಮಾಡುತ್ತಿದ್ದರೆ ಅದು ಬಹುಪಾಲನ್ನು ತಡೆಯುತ್ತದೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುವ ತುಮಕೂರು ನಗರದವರಿಗಿಂತ, ಬೋರ್‌ವೆಲ್ಲನ್ನೇ ನಂಬಿದ ಹಳ್ಳಿಗಳಿಗೆ ಈ ಮಾತು ಮುಖ್ಯ.

ಹಾಗಾದರೆ ನೀರಿನಿಂದ ಕ್ಯಾನ್ಸರ್ ಬರುವುದೇ ಇಲ್ಲವೇ? ಬರುತ್ತದೆ. ಕರ್ನಾಟಕದಲ್ಲೇ ಬಂದಿದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲು ಗಂಟುಗಂಟಾಗಿ, ಮೈಮೇಲೆ ಮಚ್ಚೆ ಎದ್ದು, ಕೆಲವರಿಗೆ ಚರ್ಮದ ಕ್ಯಾನ್ಸರ್ ಆಯಿತು. ಪಕ್ಕದಲ್ಲಿ ಮಂಗಳೂರು ಎಂಬ ಹಳ್ಳಿಯ ಹಳೆಯ, ಮುಚ್ಚಿಹೋದ ಚಿನ್ನದ ಗಣಿ. ಚಿನ್ನದ ಅದಿರಿನ ಜೊತೆಗೇ ಇರುವ ಆರ್ಸೆನಿಕ್ ನೀರಿಗೆ ಇಳಿದಿತ್ತು. ವಿಜ್ಞಾನಿ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ನೀರನ್ನೂ, ಜನರ ಕೂದಲು ಉಗುರುಗಳನ್ನೂ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷೆಗೊಳಗಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತು ಇತ್ತು. ತಾಂಡಾದವರ ಗುಮಾನಿ ನಿಜವಾಗಿತ್ತು.

ಇದಕ್ಕೆ ವಿರುದ್ಧವಾದ ಕಥೆ ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯದು. ಅಲ್ಲಿನ ಕಡಲತೀರದ ಕರಿಮರಳಿನಲ್ಲಿ ಥೋರಿಯಂ ಇದೆ. ಮನೆ ಅಂಗಳದಲ್ಲೇ ವಿಕಿರಣ ಬೇರೆಡೆಗಿಂತ ಎಷ್ಟೋ ಪಾಲು ಹೆಚ್ಚು. ಕ್ಯಾನ್ಸರ್ ಹೆಚ್ಚೇ ಇರಬೇಕು ಎಂದು ಎಲ್ಲರೂ ನಂಬಿದ್ದರು. 1990ರಲ್ಲಿ ಅಲ್ಲಿ ಕ್ಯಾನ್ಸರ್ ನೋಂದಣಿ ಶುರು ಮಾಡಿ, ಮನೆ ಮನೆಗೆ ಹೋಗಿ ವಿಕಿರಣ ಅಳೆದು, ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಮೀರಿ ಹಿಂಬಾಲಿಸಿದರು. 2009ರಲ್ಲಿ ಫಲಿತಾಂಶ ಬಂತು: ಹೆಚ್ಚು ವಿಕಿರಣದ ಮನೆಗಳವರಿಗೆ ಹೆಚ್ಚು ಕ್ಯಾನ್ಸರ್ ಬಂದಿರಲಿಲ್ಲ. ಒಂದೂರಿನ ಭಯ ನಿಜವಾಯಿತು, ಇನ್ನೊಂದೂರಿನದು ಸುಳ್ಳಾಯಿತು. ಎರಡೂ ಕಡೆ ತೀರ್ಪು ಕೊಟ್ಟದ್ದು ಅಳತೆ ಮತ್ತು ಎಣಿಕೆ.

ನಮ್ಮ ಜಿಲ್ಲೆಯಲ್ಲಿ ಅಳೆಯಬೇಕಾದದ್ದು ನೀರು ಮಾತ್ರವೂ ಅಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿದ್ದನ್ನು ನೋಡಿದವರು ಆ ಕೆಂಪು ದೂಳನ್ನು ಮರೆತಿರಲಾರರು. ಬಳ್ಳಾರಿಯಲ್ಲಿ ನಿಲ್ಲಿಸಿದ ಬೆನ್ನಿಗೆ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. ಫ್ರಾನ್ಸಿನ ಲಿಯೋನ್‌ನಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿ ಮಾಡುತ್ತದೆ. ಅದರ ಮೊದಲ ಗುಂಪಿನಲ್ಲಿ ನೆಲದಡಿಯ ಕಬ್ಬಿಣದ ಗಣಿಯ ಕೆಲಸ ಸೇರಿದೆ, ಮುಖ್ಯವಾಗಿ ಸುರಂಗದಲ್ಲಿ ತುಂಬುವ ರೇಡಾನ್ ಅನಿಲದಿಂದಾಗಿ. ನಮ್ಮವು ತೆರೆದ ಗಣಿಗಳು, ಆ ತೀರ್ಮಾನ ಹಾಗೇ ಇಲ್ಲಿಗೆ ಹೊಂದದು. ಆದರೆ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ಸಿಲಿಕಾ ದೂಳು, ಡೀಸೆಲ್ ಹೊಗೆ, ಹೊರಗಿನ ವಾಯುಮಾಲಿನ್ಯ ಇವೂ ಅದೇ ಮೊದಲ ಗುಂಪಿನಲ್ಲಿವೆ. ಕ್ರಷರ್‌ನಲ್ಲಿ ಮೂಗಿಗೆ ಟವೆಲ್ ಸುತ್ತಿಕೊಂಡು ದುಡಿಯುವವನ ಶ್ವಾಸಕೋಶದ ಬಗ್ಗೆ ನಮಗೆ ಇರುವ ಕಾಳಜಿ ಬಹಳ ಕಡಿಮೆ ಎಂದು ಇಲ್ಲಿ ಹೇಳಲೇಬೇಕು. ಬಟ್ಟೆ ಆ ಸಣ್ಣ ದೂಳನ್ನು ತಡೆಯುವುದಿಲ್ಲ.

ಈ ‘ಮೊದಲ ಗುಂಪು’ ಎಂಬುದನ್ನು ಪತ್ರಿಕೆಗಳು, ಟಿವಿಗಳು ಆಗಾಗ ತಪ್ಪಾಗಿ ಓದುತ್ತವೆ. ಆ ಗುಂಪಿಗೆ ಸೇರಿದೆ ಅಂದರೆ ‘ಇದರಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಸಾಕ್ಷ್ಯ ಗಟ್ಟಿಯಾಗಿದೆ’ ಎಂದಷ್ಟೇ. ಎಷ್ಟು ಜನರಿಗೆ ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂಬುದು ಬೇರೆ ಲೆಕ್ಕ. ಬಿಸಿಲೂ ಆ ಗುಂಪಿನಲ್ಲಿದೆ, ತಂಬಾಕೂ ಇದೆ. ಎರಡರ ಅಪಾಯ ಒಂದೇ ಅಲ್ಲ.

ಅದೇ ಗುಂಪಿನಲ್ಲಿ ಅಡಿಕೆಯೂ ಇದೆ. ತುಮಕೂರು ಜಿಲ್ಲೆಯಲ್ಲಿ ಈ ಮಾತು ಆಡುವುದು ಕಷ್ಟ. ಹೇಮಾವತಿ ನಾಲೆ ಬಂದ ಮೇಲೆ ಗುಬ್ಬಿಯ ಕಡಬ, ನಿಟ್ಟೂರು, ಚೇಳೂರು ಕಡೆಯ ತೋಟಗಳು ಎಷ್ಟೋ ಮನೆಗಳನ್ನು ಸಾಲದಿಂದ ಎತ್ತಿ ನಿಲ್ಲಿಸಿವೆ. ಅಡಿಕೆ ಮಾರಿದ ದುಡ್ಡಲ್ಲಿ ಮಗಳನ್ನು ಇಂಜಿನಿಯರಿಂಗ್ ಓದಿಸಿದವರ ಎದುರು ನಿಂತು ‘ನಿಮ್ಮ ಬೆಳೆ ವಿಷ’ ಅನ್ನಲು ಯಾರಿಗೂ ಮನಸ್ಸು ಬಾರದು. ಆದರೆ ಸಾಕ್ಷ್ಯವನ್ನು ಮರೆಮಾಚುವುದು ಅದೇ ರೈತನ ಮಗನಿಗೆ ಮಾಡುವ ದ್ರೋಹ.

‘ತಂಬಾಕಿನದು ತಪ್ಪು, ಗುಟ್ಕಾದ ಕಲಬೆರಕೆಯದು ತಪ್ಪು, ಅಡಿಕೆಯದಲ್ಲ’ ಎಂಬ ವಾದವನ್ನು ಬೆಳೆಗಾರರ ಸಂಘಗಳು ಮುಂದಿಡುತ್ತವೆ. ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದರು. ಉತ್ತರ ಸಿಕ್ಕಿದ್ದು ಮುಖ್ಯವಾಗಿ ತೈವಾನ್‌ನಿಂದ. ಅಲ್ಲಿ ಅಡಿಕೆ ಜಗಿಯುತ್ತಾರೆ, ಅದಕ್ಕೆ ತಂಬಾಕು ಸೇರಿಸುವುದಿಲ್ಲ. ಅಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು. ಇಂಥ ಪುರಾವೆಗಳನ್ನು ಕೂಡಿಸಿ 2004ರಲ್ಲಿ ಲಿಯೋನ್‌ನ ಸಂಸ್ಥೆ, ತಂಬಾಕಿಲ್ಲದ ಎಲೆ ಅಡಿಕೆ ಮತ್ತು ಬರಿ ಅಡಿಕೆ ಎರಡನ್ನೂ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಸೇರಿದರೆ ಅಪಾಯ ಇನ್ನೂ ಮೇಲೇರುತ್ತದೆ. ಇದು ಜಗಿಯುವುದರ ಬಗ್ಗೆ ಬಂದ ತೀರ್ಮಾನ, ಅಡಿಕೆ ಬೆಳೆಯುವುದರ, ಸುಲಿಯುವುದರ ಬಗ್ಗೆ ಅಲ್ಲ ಎಂಬುದೂ ನೆನಪಿರಲಿ. 2024ರಲ್ಲಿ ಅದೇ ಸಂಸ್ಥೆಯ ಲೆಕ್ಕ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂತು: 2022ರಲ್ಲಿ ಜಗತ್ತಿನಲ್ಲಿ ಜಗಿಯುವ ತಂಬಾಕು, ಅಡಿಕೆಗಳಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,200. ಅದರಲ್ಲಿ 83,400 ಭಾರತದ್ದು.

ಅಡಿಕೆ ಬಾಯೊಳಗೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಕೆನ್ನೆಯ ಒಳಪದರದ ನಾರು ಹೆಣೆಯುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲೇ ಇರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಸುಣ್ಣ ಒಳಚರ್ಮವನ್ನು ಸುಟ್ಟು ದಾರಿ ಸುಗಮ ಮಾಡುತ್ತದೆ. ಮೊದಲಿಗೆ ಖಾರದ ಸಾರು ತಾಗಿದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಕೆಂಪು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಬೆರಳಿಟ್ಟು ಒತ್ತಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಆರೋಗ್ಯವಂತ ವಯಸ್ಕರ ಬಾಯಿಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೂ ಹೋಗುತ್ತವೆ. ಎರಡೇ ಹೋಗುವಂತಿದ್ದರೆ ಅದು ಎಚ್ಚರಿಕೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಎರ್ನಾಕುಲಂನಲ್ಲಿ ಇಂಥ 66 ಮಂದಿಯನ್ನು 17 ವರ್ಷ ಹಿಂಬಾಲಿಸಿದಾಗ ಐವರಿಗೆ ಬಾಯಿ ಕ್ಯಾನ್ಸರ್ ಬಂತು. ಮುದುಕರ ಎಲೆ ಅಡಿಕೆಗಿಂತ ಹುಡುಗರ ಪಾನ್ ಮಸಾಲಾ ಪೊಟ್ಟಣದ್ದೇ ಇಲ್ಲಿ ದೊಡ್ಡ ಚಿಂತೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ 2013ರಿಂದ ಇದೆ. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಕ್ಕಪಕ್ಕ ನೇತುಹಾಕಿದರೆ ನಿಷೇಧ ಕಾಗದದ ಮೇಲೆ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಚಿಕಿತ್ಸೆಯ ಮಾತಿಗೆ ಬರುತ್ತೇನೆ. ರಕ್ತ ತೆಗೆದು ಸರಿಮಾಡಿ ವಾಪಸ್ ಬಿಡುವ ಚಿಕಿತ್ಸೆ ಇರುವುದು ನಿಜ. ಅದರ ಹೆಸರು ಕಾರ್-ಟಿ. ರೋಗಿಯ ರಕ್ತದಿಂದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ನಿರುಪದ್ರವಿಯಾಗಿಸಿದ ವೈರಸ್ಸಿನ ಮೂಲಕ ಅವಕ್ಕೆ ಒಂದು ಹೊಸ ಜೀನ್ ಸೇರಿಸುತ್ತಾರೆ. ಆ ಜೀನ್‌ನಿಂದ ಟಿ ಕೋಶದ ಮೈಮೇಲೆ ಸಿಡಿ-19 ಎಂಬ ಗುರುತನ್ನು ಹಿಡಿಯುವ ಕೊಂಡಿ ಬೆಳೆಯುತ್ತದೆ. ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ ಮತ್ತೆ ರೋಗಿಗೆ ಕೊಡುತ್ತಾರೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ಬೆಳೆಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಅರ್ಪಿಸಿದರು. ಬೆಂಗಳೂರಿನ ಬೊಮ್ಮಸಂದ್ರದ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಚಿಕಿತ್ಸೆಯನ್ನು ಇಲ್ಲಿ ಪ್ರಯೋಗಿಸಿ 2025ರ ಜನವರಿಯಲ್ಲಿ ಮಾರುಕಟ್ಟೆಗೆ ತಂದಿತು. ಹೊರದೇಶಗಳಲ್ಲಿ ಕೋಟಿಗಟ್ಟಲೆ ಬೆಲೆಯ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿದದ್ದು ಹೆಮ್ಮೆಯ ವಿಷಯ. ಆ ಲಕ್ಷಗಳೂ ನಮ್ಮ ಹಳ್ಳಿಯ ಮನೆಗೆ ದೊಡ್ಡ ಮೊತ್ತವೇ.

ಆದರೆ ಒಂದು ಸಂಗತಿಯನ್ನು ಸುದ್ದಿ ತಲುಪಿಸಿದ ನೆಂಟರು ಹೇಳಿರುವುದಿಲ್ಲ. ಸಿಡಿ-19 ಎಂಬ ಗುರುತು ಇರುವುದು ಬಿ ಕೋಶಗಳೆಂಬ ರಕ್ತಕೋಶಗಳ ಮೇಲೆ. ಆದ್ದರಿಂದ ಈ ಚಿಕಿತ್ಸೆ ಬಿ ಕೋಶದಿಂದ ಹುಟ್ಟುವ ಕೆಲವು ರಕ್ತ ಕ್ಯಾನ್ಸರ್, ಲಿಂಫೋಮಾಗಳಿಗೆ ಮಾತ್ರ, ಅದೂ ಮೊದಲ ಚಿಕಿತ್ಸೆಗಳು ಸೋತ ಮೇಲೆ. ನಾಲಗೆಯ, ಕೆನ್ನೆಯ ಗಡ್ಡೆಗೆ, ಗರ್ಭಕೊರಳಿಗೆ, ಸ್ತನಕ್ಕೆ ಇದು ಹೊಂದುವುದಿಲ್ಲ. ಬಾಯಿ ಕ್ಯಾನ್ಸರ್‌ನ ರೋಗಿಯನ್ನು ಕಾರ್-ಟಿ ಹುಡುಕಿಕೊಂಡು ಊರೂರು ಸುತ್ತಿಸಿದರೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ತಿಂಗಳುಗಳು ಕೈಬಿಟ್ಟು ಹೋಗುತ್ತವೆ.

ಬಾಯಿ ಕ್ಯಾನ್ಸರ್‌ಗೆ ಬೆಲೆಯಿರುವ ಪ್ರಯೋಗಗಳು ನಮ್ಮ ದೇಶದಲ್ಲೇ ನಡೆದಿವೆ. ಅವಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಅವುಗಳಲ್ಲಿ ಒಂದು, ಹೊಸ ಔಷಧದ್ದೇ ಅಲ್ಲ. ಬಾಯಿಯ ಗಡ್ಡೆ ಚಿಕ್ಕದಿದ್ದಾಗ ಅದನ್ನು ತೆಗೆಯುವಾಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಾಣಿಸಿದ ಮೇಲೆ ತೆಗೆದರೆ ಸಾಕೇ? ಜಗತ್ತಿನ ಶಸ್ತ್ರವೈದ್ಯರು ಇದರ ಬಗ್ಗೆ ದಶಕಗಳ ಕಾಲ ವಾದಿಸಿದ್ದರು. ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ತಂಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿತು. 2015ರಲ್ಲಿ ಉತ್ತರ ಬಂತು: ಮೊದಲೇ ತೆಗೆದವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು ಶೇ 80, ಕಾದು ತೆಗೆದವರಲ್ಲಿ ಶೇ 67.5. ಇವತ್ತು ನಮ್ಮ ಕಡೆಯವರಿಗೆ ಬಾಯಿ ಆಪರೇಷನ್ ಜೊತೆ ಕುತ್ತಿಗೆಯನ್ನೂ ಕೊಯ್ದರೆ ‘ಗಡ್ಡೆ ಇರೋದು ಕೆನ್ನೇಲಿ, ಕತ್ತು ಯಾಕೆ ಮುಟ್ಟಿದ್ರು?’ ಎಂದು ಮನೆಯವರು ಸಿಟ್ಟಾಗುತ್ತಾರೆ. ಕಾರಣ ಈ ಪ್ರಯೋಗ.

ಇನ್ನೊಂದು ಪ್ರಯೋಗ, ರೋಗ ಮುಂದುವರಿದು ಶಸ್ತ್ರಚಿಕಿತ್ಸೆ ಕೈಮೀರಿದವರಿಗಾಗಿ. ದೇಹದ ರೋಗನಿರೋಧಕ ಶಕ್ತಿಗೆ ಕ್ಯಾನ್ಸರ್ ಹಾಕಿದ ತಡೆಯನ್ನು ಬಿಡಿಸುವ ನಿವೊಲುಮಾಬ್ ಎಂಬ ಔಷಧವಿದೆ. ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ನಮ್ಮಲ್ಲಿ ಬಹುತೇಕ ಯಾರಿಗೂ ಅದರ ಖರ್ಚು ಭರಿಸಲಾಗದು. ಟಾಟಾ ಸ್ಮಾರಕದ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ ಕೊಟ್ಟು ನೋಡಿದರು. ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಮೊದಲೆರಡು ಸಂಧಿವಾತಕ್ಕೂ ಕೊಡುವ ಹಳೆಯ ಔಷಧಗಳು. ಒಟ್ಟು 151 ರೋಗಿಗಳು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ 16.3, ನಿವೊಲುಮಾಬ್‌ನ ಸಣ್ಣ ಪ್ರಮಾಣವನ್ನೂ ಪಡೆದವರಲ್ಲಿ ಶೇ 43.4. ಇದು ಗುಣವಲ್ಲ, ಕಾಲ. ಆದರೆ ಆ ಕಾಲದ ಬೆಲೆ ರೋಗಿಯ ಮನೆಯವರಿಗೆ ಗೊತ್ತು. ಮುಂದುವರಿದ ಬಾಯಿ ಕ್ಯಾನ್ಸರ್ ಇರುವವರು ತಮ್ಮ ವೈದ್ಯರನ್ನು ಕೇಳಬೇಕಾದದ್ದು ಈ ಔಷಧದ ಬಗ್ಗೆ.

ಇದೆಲ್ಲದರ ಆಚೆ, ಪ್ರಯೋಗವೆಂಬುದು ಕೆಟ್ಟು ನಡೆದ ಪ್ರಸಂಗವೂ ಇದೆ. ಅದನ್ನು ಮುಚ್ಚಿಟ್ಟು ಜನರನ್ನು ಪ್ರಯೋಗಕ್ಕೆ ಸೇರಿ ಎನ್ನುವುದು ಸರಿಯಲ್ಲ. 1999–2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರ್‌ನ ಇಪ್ಪತ್ತಕ್ಕೂ ಹೆಚ್ಚು ರೋಗಿಗಳ ಗಡ್ಡೆಗೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೀವವಿಜ್ಞಾನಿಯೊಬ್ಬರು ತಯಾರಿಸಿದ ರಾಸಾಯನಿಕವನ್ನು ಚುಚ್ಚಲಾಯಿತು. ಮರಳುಗಾಡಿನ ಒಂದು ಗಿಡದ ಸತ್ವದಿಂದ ರೂಪಿಸಿದ ವಸ್ತು ಅದು. ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ರೋಗಿಗಳಿಗೆ ಏನು ಮಾಡುತ್ತಿದ್ದಾರೆ ಎಂಬುದನ್ನು ಸರಿಯಾಗಿ ತಿಳಿಸಿರಲಿಲ್ಲ ಎಂಬ ದೂರು ಎದ್ದಿತು. ದನಿ ಎತ್ತಿದವರು ಅದೇ ಕೇಂದ್ರದ ವೈದ್ಯ ವಿ.ಎನ್. ಭಟ್ಟತಿರಿ. 2001ರಲ್ಲಿ ವಿಶ್ವವಿದ್ಯಾಲಯವೇ ತನಿಖೆ ಮಾಡಿ ತಪ್ಪನ್ನು ಒಪ್ಪಿಕೊಂಡಿತು.

ಇಂಥ ಪ್ರಕರಣಗಳಿಂದ ದೇಶದ ಕಾನೂನು ಬಿಗಿಯಾಗಿದೆ. 2007ರಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ ಶುರುವಾಯಿತು, 2009ರಿಂದ ಅಲ್ಲಿ ನೋಂದಾಯಿಸುವುದು ಕಡ್ಡಾಯ. ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಯಾರಾದರೂ ‘ಹೊಸ ಚಿಕಿತ್ಸೆ ಇದೆ, ಸೇರ್ತೀರಾ?’ ಎಂದರೆ ಹೆದರಿ ಓಡಬೇಕಿಲ್ಲ, ಕೂಡಲೇ ಸಹಿ ಹಾಕಲೂಬೇಡಿ. ಇದು ನೋಂದಣಿಯಾಗಿದೆಯೇ, ನೋಂದಣಿ ಸಂಖ್ಯೆ ಏನು ಎಂದು ಕೇಳಿ. ಇಂಟರ್‌ನೆಟ್‌ನಲ್ಲಿ ಆ ಸಂಖ್ಯೆ ಹಾಕಿ ಯಾರು ಬೇಕಾದರೂ ನೋಡಬಹುದು. ಯಾವ ಹಂತ ಎಂದು ಕೇಳಿ: ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಔಷಧ ಎಷ್ಟು ಸುರಕ್ಷಿತ ಎಂಬುದನ್ನು, ಮೂರನೆಯ ಹಂತದಲ್ಲಿ ಈಗಿರುವ ಚಿಕಿತ್ಸೆಗಿಂತ ಮೇಲೇ ಎಂಬುದನ್ನು. ಮಾಹಿತಿ ಪತ್ರ ಕನ್ನಡದಲ್ಲಿ ಬೇಕು ಎನ್ನಿ, ಮನೆಗೆ ಒಯ್ದು ಓದಿ. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ನಿಮ್ಮ ಹಕ್ಕು. ನಡುವೆ ಬಿಟ್ಟು ಬರುವುದೂ ಹಕ್ಕು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗ ಎಂದು ಹೇಳಿ ಔಷಧಕ್ಕೆ ಲಕ್ಷಗಟ್ಟಲೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಾಟಿ ಔಷಧದ ಮಾತನ್ನೂ ಬಿಡುವಂತಿಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ವೈದ್ಯ ನಾರಾಯಣಮೂರ್ತಿಯವರ ಮನೆ ಮುಂದೆ ವರ್ಷಗಟ್ಟಲೆ ನಿಂತ ಸಾಲುಗಳನ್ನು ನಾಡೇ ನೋಡಿದೆ. ಅವರ ಬಗ್ಗೆ ಜನರಿಗಿದ್ದ ಗೌರವವನ್ನು ನಾನು ಪ್ರಶ್ನಿಸುವುದಿಲ್ಲ. ಮರದ ತೊಗಟೆಯಲ್ಲಿ ಕ್ಯಾನ್ಸರ್ ಔಷಧ ಇರುವುದು ಅಸಾಧ್ಯವೂ ಅಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟೀನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಮುಖ್ಯ ಔಷಧ. ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್‌ನಿಂದ ಎರಡು ಔಷಧಗಳಾಗಿವೆ, ಅದಕ್ಕಾಗಿ ಆ ಮರವನ್ನು ಕಾಡಿನಿಂದ ದೋಚಿದ್ದೂ ಆಯಿತು. ಆದರೆ ನಿತ್ಯಪುಷ್ಪವನ್ನು ಔಷಧ ಮಾಡಿದ್ದು ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ವಿಷ ಎಂದು ರೋಗಿಗಳ ಮೇಲೆ ನಡೆದ ಪರೀಕ್ಷೆ. ಆ ಪರೀಕ್ಷೆಗೆ ಒಳಗಾಗದ ಪುಡಿಯನ್ನು ನಂಬಿ, ಜನ ‘ಕರೆಂಟು’ ಎನ್ನುವ ವಿಕಿರಣ ಚಿಕಿತ್ಸೆಯನ್ನು, ಕೀಮೋವನ್ನು ಅರ್ಧಕ್ಕೆ ಬಿಡುವುದು ಜೀವದ ಮೇಲೆ ಬರುತ್ತದೆ.

ಎಲ್ಲಕ್ಕಿಂತ ಅಗ್ಗದ, ಸಾಬೀತಾದ ದಾರಿ ಬೇರೆಯೇ ಇದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಅರ್ಧದಷ್ಟು ಕಡೆ ಮನೆ ಮನೆಗೆ ಹೋಗಿ ಟಾರ್ಚ್ ಹಾಕಿ ಬಾಯಿ ನೋಡಿದರು, ಉಳಿದ ಕಡೆ ನೋಡಲಿಲ್ಲ. ತಂಬಾಕು ಅಥವಾ ಮದ್ಯ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ 34ರಷ್ಟು ಇಳಿಯಿತು ಎಂದು 2005ರಲ್ಲಿ ವರದಿಯಾಯಿತು. ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಟಾರ್ಚ್ ಕೊಡಲು ಕಷ್ಟವೇನಿದೆ? ಅವರಿಗೆ ಸರಿಯಾದ ಸಂಬಳ ಕೊಟ್ಟು ಈ ಕೆಲಸ ಕೇಳಬೇಕು, ಅಷ್ಟೇ. ಓದುಗರಲ್ಲಿ ಎಲೆ ಅಡಿಕೆ, ಕಡ್ಡಿಪುಡಿ, ಪಾನ್ ಮಸಾಲಾ ಹಾಕುವವರಿದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ತೇಪೆ ಬಾಯಲ್ಲಿ ಕಂಡರೆ, ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದಂತವೈದ್ಯರಿಗೋ ತೋರಿಸಿ. ನೋವಿಲ್ಲ ಎಂದು ಕಾಯಬೇಡಿ. ಶುರುವಿನಲ್ಲಿ ಅದು ನೋಯುವುದೇ ಕಡಿಮೆ.

ಇನ್ನು ನಮ್ಮ ಊರಿನ ಗುಮಾನಿ. ಗುಬ್ಬಿಯಲ್ಲಿ ಕ್ಯಾನ್ಸರ್ ನಿಜವಾಗಿ ಹೆಚ್ಚಿದೆಯೇ, ಕುಣಿಗಲ್‌ನಲ್ಲಿ ಯಾವ ಕ್ಯಾನ್ಸರ್ ಹೆಚ್ಚು, ಕ್ರಷರ್ ಪಕ್ಕದ ಹಳ್ಳಿಗೂ ನಾಲೆ ಪಕ್ಕದ ಹಳ್ಳಿಗೂ ವ್ಯತ್ಯಾಸವಿದೆಯೇ ಎಂದು ಹೇಳಲು ಬೇಕಾದದ್ದು ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ. ಇಂತಿಷ್ಟು ಊರುಗಳಲ್ಲಿ ಇಂತಿಷ್ಟು ಜನ, ಅವರಲ್ಲಿ ಈ ವರ್ಷ ಯಾರಿಗೆ ಎಲ್ಲಿಯ ಕ್ಯಾನ್ಸರ್ ಬಂತು ಎಂದು ಒಂದನ್ನೂ ಬಿಡದೆ ಬರೆದಿಡುವ ಕೆಲಸ ಅದು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿಗೆ ಇದನ್ನು 1982ರಿಂದ ಮಾಡುತ್ತಿದೆ. 2020ರ ರಾಷ್ಟ್ರೀಯ ವರದಿಯಲ್ಲಿದ್ದ 28 ನೋಂದಣಿಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿನವರು ಅದೇ ಕಿದ್ವಾಯಿಗೆ ಬಸ್ಸು ಹತ್ತಿ ಹೋಗುತ್ತಾರೆ, ಆಸ್ಪತ್ರೆಯ ಪುಸ್ತಕದಲ್ಲಿ ರೋಗಿಯಾಗಿ ಸೇರುತ್ತಾರೆ. ಊರಿನ ಲೆಕ್ಕಕ್ಕೆ ಸೇರುವುದಿಲ್ಲ.

ಹಳ್ಳಿಗಾಡಿನಲ್ಲಿ ಇಂಥ ನೋಂದಣಿ ಸಾಧ್ಯವಿಲ್ಲ ಎನ್ನುವವರಿಗೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಉತ್ತರ ಕೊಟ್ಟಿದೆ. ಬಾರ್ಶಿ, ಪರಂಡಾ, ಭೂಮ್ ಎಂಬ ಮೂರು ತಾಲ್ಲೂಕುಗಳ 346 ಹಳ್ಳಿಗಳಲ್ಲಿ 1987ರಿಂದ ನೋಂದಣಿ ನಡೆದಿದೆ. ಸಿಬ್ಬಂದಿ ಹಳ್ಳಿಗೆ ಹೋಗಿ, ಜನರ ಜೊತೆ ಕೂತು, ಗಂಟು, ಹುಣ್ಣು, ರಕ್ತಸ್ರಾವದ ಬಗ್ಗೆ ಕೇಳಿ, ಅನುಮಾನ ಬಂದವರನ್ನು ಆಸ್ಪತ್ರೆಗೆ ಕರೆತರುತ್ತಾರೆ. ಎಣಿಕೆಯ ಜೊತೆಗೇ ರೋಗವೂ ಬೇಗ ಪತ್ತೆಯಾಗುತ್ತದೆ.

ಹಣವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಗಣಿಗಾರಿಕೆಯಿಂದ ಹಾಳಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದೇ ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ಸಾವಿರಾರು ಕೋಟಿ ರೂಪಾಯಿಯ ನಿಧಿ ಇದೆ, ಅದನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. ಅದರಲ್ಲಿ ರಸ್ತೆ, ಕಟ್ಟಡಕ್ಕೆ ಹೋಗುವ ಹಣದ ಸಣ್ಣದೊಂದು ಪಾಲು ಸಾಕು, ಗಣಿ ಕಂಡ ಗುಬ್ಬಿಯಿಂದಲೇ ನೋಂದಣಿ ಶುರುಮಾಡಿ ಕುಣಿಗಲ್‌ಗೂ ತುಮಕೂರು ನಗರಕ್ಕೂ ಹಬ್ಬಿಸಲು. ಜೊತೆಗೆ ಪ್ರತಿ ಕುಡಿಯುವ ನೀರಿನ ಬೋರ್‌ವೆಲ್ಲಿನ ಯುರೇನಿಯಂ, ಆರ್ಸೆನಿಕ್, ಫ್ಲೋರೈಡ್ ಪ್ರಮಾಣವನ್ನು ಅಳೆದು ಪಂಚಾಯತಿ ಗೋಡೆಯ ಮೇಲೆ ಬರೆಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನೂ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ, ಠರಾವು ಮಾಡಿಸಿ ನಡಾವಳಿ ಪುಸ್ತಕಕ್ಕೆ ಹತ್ತಿಸಿ, ಅದರ ಪ್ರತಿಯನ್ನು ನಿಮ್ಮ ಶಾಸಕರಿಗೂ ಜಿಲ್ಲಾಧಿಕಾರಿಗೂ ಕಳುಹಿಸಿ.